ನಾಲ್ಕನೇ ಪಿನ್ನು

ಅಪ್ಪನ ಕೋಟಿನ ಮೇಲಿನ ಗುಂಡಿ ಕೂರಲೊಲ್ಲದು. ಮಗಳು ಎರಡು ಸಲ ಹಾಕಿದಳು, ಎರಡು ಸಲವೂ ಜಾರಿತು. ಕೊರಳ ಹತ್ತಿರ ಏನೋ ಅಡ್ಡ ಬರುತ್ತಿತ್ತು. ಬೆರಳು ತೂರಿಸಿ ನೋಡಿದರೆ ಕಪ್ಪು ದಾರ, ದಾರದ ತುದಿಗೆ ಹಿತ್ತಾಳೆಯ ಬೀಗದ ಕೈ.

"ಅದನ್ನ ಮುಟ್ಟಬೇಡ," ಎಂದಳು ಅತ್ತೆ, ಸತ್ತ ತಮ್ಮನ ಕಾಲ ಬಳಿ ಕೂತಲ್ಲಿಂದಲೇ. "ಹೋದ ವಾರ ನನ್ನ ಕೈ ಹಿಡ್ಕೊಂಡು ಹೇಳಿದ್ದ. ಅಕ್ಕಾ, ಕೊರಳಲ್ಲಿರೋದು ಕೊರಳಲ್ಲೇ ಇರಲಿ, ಯಾರೂ ತೆಗೀಬಾರದು ಅಂತ."

"ಒಳಕೋಣೆ ಬೀರುವಿನ ಕೈ ಅತ್ತೆ ಇದು. ಇರೋದೇ ಇದೊಂದು."

"ಬೀರುವಲ್ಲಿ ಏನು ಬಂಗಾರ ತುಂಬಿಟ್ಟಿದ್ದಾನಾ ನಿಮ್ಮಪ್ಪ?"

"ಹಳೇ ಕಾಗದ, ತುಕ್ಕು ಹಿಡಿದ ಬೀಗ," ಎಂದ ಅಣ್ಣ. ಬೆಳಗಿನಿಂದ ಅವನು ಫೋನು ಕಿವಿಯಿಂದ ತೆಗೆದಿರಲಿಲ್ಲ. ಗಾಡಿಗೆ ಹೇಳುವುದು, ನೆಂಟರಿಗೆ ಹೇಳುವುದು ಎಲ್ಲ ಅವನ ಪಾಲಿಗೆ ಬಂದಿತ್ತು. "ಬಿಡು, ಅಪ್ಪನ ಜೊತೆ ಹೋಗ್ಲಿ. ಬೀಗದ ಕೈ ಇಲ್ಲದೆ ಒಂದು ದಿನ ಇದ್ದವರಲ್ಲ."

"ಬೀಗದ ಮೇಷ್ಟ್ರಿಗೆ ಕೈ ಯಾತಕ್ಕೆ," ಎಂದ ಬಾಗಿಲಲ್ಲಿ ನಿಂತಿದ್ದ ಪಕ್ಕದ ಅಂಗಡಿಯ ದರ್ಜಿ. "ಅಲ್ಲಿ ಬಾಗಿಲು ಹಾಕಿದ್ರೂ ಒಂದು ತಂತಿ ಸಾಕು, ಒಳಗೆ ಹೋಗಿರ್ತಾರೆ."

ಒಂದಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮಗಳು ದಾರವನ್ನು ಅಂಗಿಯೊಳಕ್ಕೆ ಸರಿಸಿ ಗುಂಡಿ ಹಾಕಿದಳು. ಈ ಸಲ ಕೂತಿತು.

ಹೆಣ ಮಲಗಿಸಿದ್ದು ಮುಂದಿನ ಕೋಣೆಯಲ್ಲಿ. ಅದೇ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಗೊಂದು ಬೀಗ. ನಡುವೆ ಗಾಜು ಹಾಕಿದ ಚೌಕಟ್ಟಿನಲ್ಲಿ ಸಂಘದ ಸದಸ್ಯತ್ವದ ಪತ್ರ. ಕೋರ್ಟಿಗೆ ಸಾಕ್ಷ್ಯ ಪರೀಕ್ಷೆ ಮಾಡಿ ಹೇಳುವ ಸ್ವತಂತ್ರ ತಜ್ಞರ ಸಂಘ ಅದು. ಬೆರಳಚ್ಚು ನೋಡುವವರು, ಬೆಂಕಿ ಎಲ್ಲಿ ಹತ್ತಿತು ಅಂತ ಹೇಳುವವರು, ಸಹಿ ಹೋಲಿಸುವವರು ಎಲ್ಲ ಅದರೊಳಗಿದ್ದರು. ಬೀಗ ನೋಡಿ ಹೇಳುವವರು ಮೇಷ್ಟ್ರೊಬ್ಬರೇ. ಅವರ ಅಂಗಡಿಗೆ ಬಂದವರು ಬೀಗ ನೋಡುವ ಮೊದಲು ಆ ಚೌಕಟ್ಟು ನೋಡಬೇಕಿತ್ತು. ನೋಡದವರಿಗೆ ಮೇಷ್ಟ್ರು ಕೆಮ್ಮಿ ತೋರಿಸುತ್ತಿದ್ದರು.

ಹನ್ನೊಂದರ ಹೊತ್ತಿಗೆ ಒಬ್ಬ ಕಾವಲುಗಾರ ಕೆಲಸದ ಖಾಕಿಯಲ್ಲೇ ಬಂದ. ಹೆಣದ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಗಳ ಹತ್ತಿರ ಬಂದು ಟೋಪಿ ತೆಗೆದ.

"ಇವರ ಕಣ್ಣು ಅಕ್ಕಾ. ಇವರ ಕಣ್ಣು ನನ್ನನ್ನ ಜೈಲಿನ ಬಾಗಿಲಿಂದ ಎಳ್ಕೊಂಡು ಬಂತು."

ಎರಡು ವರ್ಷದ ಕೆಳಗೆ ಅವನು ಕಾಯುತ್ತಿದ್ದ ಗೋದಾಮು ಬರಿದಾಗಿತ್ತು. ಬೀಗ ಮುರಿದಿರಲಿಲ್ಲ, ಬೀಗದ ಕೈ ಇದ್ದದ್ದು ಇವನೊಬ್ಬನ ಹತ್ತಿರ. ಕೈ ಹಾಕಿ ತೆಗೆದದ್ದಲ್ಲ, ತಂತಿ ಹಾಕಿ ತೆಗೆದದ್ದು, ಬೀಗದೊಳಗಿನ ನಾಲ್ಕನೇ ಪಿನ್ನಿನ ತುದಿಯಲ್ಲಿ ಎರಡು ಅಡ್ಡ ಗೀರು ಇದೆ ಅಂತ ಮೇಷ್ಟ್ರು ಕೋರ್ಟಿನಲ್ಲಿ ಹೇಳಿದ ಮೇಲೆ ಅವನನ್ನು ಬಿಟ್ಟಿದ್ದರು.

"ಮಾಲೀಕ ಈಗ ಮೇಲಿನ ಕೋರ್ಟಿಗೆ ಹೋಗಿದ್ದಾನಲ್ಲ. ಇನ್ನು ನನ್ನ ಪರವಾಗಿ ಯಾರು ಹೇಳ್ತಾರೆ?"

"ವರದಿ ಇದೆಯಲ್ಲಪ್ಪ. ಬರೆದಿದ್ದು ಎಲ್ಲಿಗೂ ಹೋಗಲ್ಲ."

"ನಂಗೆ ಪಿನ್ನು ಗಿನ್ನು ಗೊತ್ತಿಲ್ಲ ಅಕ್ಕಾ. ಆದ್ರೂ ದಿನಾ ಮಲಗೋ ಮುಂಚೆ, ನಾಲ್ಕನೇ ಪಿನ್ನು, ನಾಲ್ಕನೇ ಪಿನ್ನು ಅಂತ ಎರಡು ಸಲ ಹೇಳ್ಕೊಂಡೇ ಮಲಗ್ತೀನಿ. ನನ್ನ ಹೆಂಡತಿ ನಗ್ತಾಳೆ."

ಮಗಳು ಬಗ್ಗಿ ಅಪ್ಪನ ಕೋಟಿನ ಮೇಲಿನ ಗುಂಡಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

*

ಮೇಷ್ಟ್ರು ಅಂತ ಕರೆಯುತ್ತಿದ್ದರೇ ಹೊರತು ಅವರು ಓದಿದ್ದು ಆರನೇ ತರಗತಿ. ಬೀಗ ಮಾಡುವುದು, ಕಳೆದ ಕೈಗೆ ಬದಲಿ ಕೈ ಅರೆದು ಕೊಡುವುದು ಅವರ ಕೆಲಸ. ಒಂದು ದಿನ ವಿಮಾ ಕಂಪನಿಯವನೊಬ್ಬ ಕಳ್ಳತನವಾದ ಮನೆಯ ಬೀಗ ತಂದು ಮೇಜಿನ ಮೇಲಿಟ್ಟ. ಮೇಷ್ಟ್ರು ಅದನ್ನು ಬಿಚ್ಚಿ, ಒಳಗೆ ಬೀಗದ ಕೈ ತಾಗಿದಾಗ ಮೇಲೇಳುವ ಐದು ಪಿನ್ನುಗಳನ್ನು ಸಾಲಾಗಿ ಇಟ್ಟು ಭೂತಗನ್ನಡಿಯಲ್ಲಿ ನೋಡಿದರು. ಬೀಗದ್ದೇ ಕೈ ಹಾಕಿ ತೆಗೆದರೆ ಪಿನ್ನಿನ ತುದಿ ನುಣ್ಣಗೆ ಸವೆಯುತ್ತದೆ. ತಂತಿ ಹಾಕಿ ಕೆದಕಿದರೆ ಗೀರು ಬೀಳುತ್ತದೆ, ಕೂದಲೆಳೆಗಿಂತ ಸಣ್ಣದು. "ಇದನ್ನ ಮನೆಯವರೇ ತೆಗೆದಿರೋದು," ಎಂದರು. "ಬೀಗ ಬಾಯಿ ಬಿಡುತ್ತೆ, ಸುಳ್ಳು ಹೇಳಲ್ಲ."

ಆ ಮಾತಿಗೆ ಕೋರ್ಟಿನಿಂದ ಕರೆ ಬಂತು. ಮಗಳಿಗಾಗ ಹದಿನೆಂಟು, ಜೊತೆಗೆ ಹೋಗಿದ್ದಳು. ಎದುರಿನ ವಕೀಲ ನಯವಾಗಿ ಕೇಳಿದ, "ಎಷ್ಟು ಓದಿದ್ದೀರಿ?"

"ಆರು."

"ಆರು ಪದವಿಯೋ?"

ಕೋರ್ಟಿಗೆ ಕೋರ್ಟೇ ನಕ್ಕಿತು. ವಕೀಲ ಅಷ್ಟಕ್ಕೆ ಬಿಡಲಿಲ್ಲ. "ಯಾವ ಸಂಘದ ಸದಸ್ಯರು ತಾವು?" ಎಂದ. "ಯಾವುದೂ ಇಲ್ಲ," ಎಂದರು ಮೇಷ್ಟ್ರು. ಮನೆಗೆ ಬಂದು ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಮಗಳನ್ನು ಕರೆದು, "ಸಂಘಕ್ಕೆ ಸೇರೋಕೆ ಏನೇನು ಬೇಕಂತೆ, ಕಾಗದ ಬರೆದು ಕೇಳು," ಎಂದರು.

ಏಳು ನಿಯಮಗಳಿದ್ದ ಒಂದು ಹಾಳೆ ಬಂತು. ಅದನ್ನು ಗೋಡೆಗೆ ಅಂಟಿಸಿದರು. ಪದವಿ ಬೇಕು, ಇಲ್ಲದಿದ್ದರೆ ಸಾಕ್ಷ್ಯದ ಬೀಗ ಪರೀಕ್ಷಿಸಿದ ಹತ್ತು ವರ್ಷದ ಅನುಭವ. ಅದಕ್ಕೆ ಇನ್ನೂ ಎಷ್ಟೋ ವರ್ಷ ಕಾಯಬೇಕಿತ್ತು, ಕಾದರು. ಯಾರ ಸಂಬಳದಾಳೂ ಆಗಿರಬಾರದು. ಅದೊಂದಕ್ಕೆ ಮಾತ್ರ ಅವತ್ತೇ ಪೆನ್ಸಿಲಿನಲ್ಲಿ ಗೆರೆ ಎಳೆದರು. ಸ್ವಂತ ಹೆಸರಿನ ಹತ್ತು ವರದಿ, ಕೋರ್ಟಿನಲ್ಲಿ ನಿಂತು ಉತ್ತರ ಕೊಟ್ಟ ದಾಖಲೆ. ಇಬ್ಬರು ಸದಸ್ಯರ ಶಿಫಾರಸಿಗೆ ಮೂರು ವರ್ಷ ಅಲೆದರು. ಬರವಣಿಗೆಯ ಪರೀಕ್ಷೆಯಲ್ಲಿ ಎರಡು ಸಲ ಬಿದ್ದರು. ಮಗಳು ಹೇಳಿಕೊಟ್ಟಳು, ಅವರು ಸ್ಲೇಟಿನ ಮೇಲೆ ತಿದ್ದಿದರು. "ನನ್ನ ಮಗಳು ನನಗೆ ಮೇಷ್ಟ್ರು," ಅಂತ ದರ್ಜಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದರು.

ಕೊನೆಯದು ಏಳನೆಯದು. ಸದಸ್ಯನಾದವನು ಪ್ರತಿ ವರ್ಷ ಒಂದು ಹೇಳಿಕೆಗೆ ಸಹಿ ಹಾಕಬೇಕು: ನೋಡಿದ್ದು ನನ್ನ ಕಣ್ಣು, ಬರೆದದ್ದು ನನ್ನ ಕೈ, ಕೇಳಿದಾಗ ಮೂಲ ಟಿಪ್ಪಣಿ ತೋರಿಸುತ್ತೇನೆ. "ಇದೇನು ದೊಡ್ಡ ವಿಷಯ," ಎಂದಿದ್ದರು ಮೇಷ್ಟ್ರು.

ಸದಸ್ಯತ್ವದ ಪತ್ರ ಬಂದಾಗ ಮಗಳಿಗೆ ಮೂವತ್ತೊಂದು.

*

ಚಿತಾಗಾರದ ಕಬ್ಬಿಣದ ಬಾಗಿಲು ಮೇಲಿಂದ ಕೆಳಕ್ಕೆ ಇಳಿದು ಮುಚ್ಚಿಕೊಂಡಿತು. ಚಿಲಕ ಸರಿಯಾಗಿ ಕೂರದೆ ಒಂದು ಸಲ ಕರಕರ ಅಂದಿತು. ಮಗಳ ಕೈ ತಾನಾಗಿ ಮುಂದೆ ಹೋಗಿ ಹಿಂದೆ ಬಂತು.

"ಒಂದೂವರೆ ಗಂಟೆ ಆಗುತ್ತೆ," ಎಂದ ಅಲ್ಲಿನ ಕೆಲಸದವನು. "ಹೊರಗೆ ಬೆಂಚಿದೆ, ಚಹಾ ಸಿಗುತ್ತೆ."

ಬೆಂಚಿನ ಮೇಲೆ ಸಂಘದ ಕಾರ್ಯದರ್ಶಿ ಕೂತಿದ್ದರು. ಹೂಚಕ್ರ ತಂದಿದ್ದರು, ಅದರ ಪಟ್ಟಿಯ ಮೇಲೆ ಸಂಘದ ಹೆಸರು. ತೊಡೆಯ ಮೇಲೆ ಒಂದು ಫೈಲು. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಇವತ್ತು ಈ ಮಾತು ಆಡಬಾರದಮ್ಮ. ಆದ್ರೆ ಇವತ್ತೇ ಆಡಬೇಕಾಗಿದೆ. ನೀವು ಅರ್ಜಿ ಹಾಕಿದ್ರಲ್ಲ, ಆರು ತಿಂಗಳಾಯ್ತು. ಸಮಿತಿ ಇವತ್ತು ಆರು ಗಂಟೆಗೆ ಸೇರುತ್ತೆ. ಹೊಸಬರನ್ನ ತಗೊಳ್ಳೋದು ಮೂರು ವರ್ಷಕ್ಕೊಂದು ಸಲ."

"ಗೊತ್ತು ಸರ್."

"ಎಂಟು ವರ್ಷದಿಂದ ಪರೀಕ್ಷೆ ಮಾಡ್ತಿರೋದು ನಾನೇ ಅಂತ ಬರೆದಿದ್ದೀರಿ. ವರದಿ ಒಂದೂ ನಿಮ್ಮ ಹೆಸರಲ್ಲಿಲ್ಲ. ಅದಕ್ಕೆ ನಿಯಮದ ಪ್ರಕಾರ ನಿಮ್ಮ ತಂದೆಯವರನ್ನೇ ಕೇಳಿದ್ವಿ." ಅವರು ಫೈಲಿನಿಂದ ಒಂದು ಕಾಗದ ತೆಗೆದರು, ಕೊಡಲೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಹಿಡಿದರು, ಕೊಟ್ಟರು.

ಅಪ್ಪನ ಎಲ್ಲ ಪತ್ರಗಳನ್ನೂ ಬರೆಯುತ್ತಿದ್ದವಳು ಅವಳೇ. ಇದೊಂದನ್ನು ಅವಳು ಬರೆದಿರಲಿಲ್ಲ. ಅಕ್ಷರ ಒಂದರ ಮೇಲೊಂದು ಹತ್ತಿದ್ದವು, ಒಂದು ಸಾಲು ಇನ್ನೊಂದು ಸಾಲನ್ನು ತುಳಿದುಕೊಂಡು ಹೋಗಿತ್ತು.

'ನನ್ನ ಮಗಳು ಅಂಗಡಿ ಗುಡಿಸುತ್ತಾಳೆ. ಚಹಾ ಮಾಡುತ್ತಾಳೆ. ನಾನು ಹೇಳಿದ್ದನ್ನು ಚೊಕ್ಕಟವಾಗಿ ಬರೆಯುತ್ತಾಳೆ. ಪರೀಕ್ಷೆಯೆಲ್ಲ ನನ್ನ ಕಣ್ಣು ನನ್ನ ಕೈ.'

ಅವಳು ಕಾಗದವನ್ನು ಮಡಿಸಿದಳು. ಮತ್ತೆ ಬಿಚ್ಚಿದಳು.

"ಸರ್, ನೀವು ಕಣ್ಣಿಗೆ ಸಿಕ್ಕಿದ ಅಕ್ಷರ ನೋಡಿ ಕೊಲೆ ಮಾಡಿದವರನ್ನ ಹಿಡಿಯೋ ಜನ. ಈ ಅಕ್ಷರ ನೋಡಿದ್ರೆ ಬರೆದವರಿಗೆ ಕಣ್ಣು ಕಾಣ್ತಿರಲಿಲ್ಲ ಅಂತ ಗೊತ್ತಾಗಲ್ವಾ?"

"ವಯಸ್ಸಾದ ಮೇಲೆ ಕೈ ನಡುಗೋದು ಸಹಜ ಅಂದ್ಕೊಂಡ್ವಿ," ಎಂದರು ಕಾರ್ಯದರ್ಶಿ. "ನಿಯಮ ನಾನು ಮಾಡಿದ್ದಲ್ಲಮ್ಮ."

"ಮಾಡಿದವರು ಯಾರೂ ಸಿಗಲ್ಲ ಬಿಡಿ."

"ಕೇಳಿ. ಒಂದು ದಾರಿ ಇದೆ. ಪರೀಕ್ಷೆ ಮಾಡೋವಾಗ ಚಿತ್ರ ಬರ್ಕೊಂಡಿರ್ತೀರಲ್ಲ, ಮೂಲ ಟಿಪ್ಪಣಿ, ಅದು ನಿಮ್ಮ ಕೈಯಲ್ಲಿದ್ದು ವರದಿಗೆ ಹೊಂದಿದ್ರೆ, ಇಬ್ಬರೂ ಸೇರಿ ಮಾಡಿದ್ದು ಅಂತ ನಾನೇ ತಿದ್ದುಪಡಿ ಬರೀತೀನಿ. ಹಳೇ ವರದಿಗಳೂ ಉಳಿಯುತ್ವೆ, ನೀವೂ ಸೇರ್ತೀರಿ. ಮೇಲಿನ ಕೋರ್ಟಿಗೆ ಬೇಕಾದ್ರೆ ನೀವೇ ನಿಂತು ಹೇಳಬಹುದು. ಟಿಪ್ಪಣಿ ಇಲ್ಲ ಅಂದ್ರೆ ನಿಮ್ಮ ಮಾತು ಬರೀ ಮಾತು."

"ಇದೆ ಸರ್. ಎಂಟು ಪುಸ್ತಕ ಇದೆ. ಒಂದೊಂದು ಗೆರೆನೂ ನನ್ನದೇ."

"ಎಲ್ಲಿದೆ?"

ಅವಳು ಕಿಟಕಿಯಿಂದ ಒಳಗಿನ ಕಬ್ಬಿಣದ ಬಾಗಿಲ ಕಡೆ ನೋಡಿದಳು. ಬಾಗಿಲ ಮೇಲಿನ ಗಡಿಯಾರದಂಥ ಒಂದು ಯಂತ್ರದಲ್ಲಿ ಮುಳ್ಳು ಕೆಂಪು ಗೆರೆ ದಾಟಿತ್ತು. ಹಿತ್ತಾಳೆ ಎಷ್ಟು ಶಾಖಕ್ಕೆ ಕರಗುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮನೇಲಿದೆ," ಎಂದಳು.

*

ಕಣ್ಣಿನ ವಿಷಯ ಗೊತ್ತಾದದ್ದು ಸದಸ್ಯರಾಗಿ ಮೂರು ವರ್ಷಕ್ಕೆ. ಅಪ್ಪ ಬಹಳ ಹೊತ್ತಿನಿಂದ ಒಂದೇ ಪಿನ್ನನ್ನು ಭೂತಗನ್ನಡಿಯ ಕೆಳಗೆ ಹಿಡಿದಿದ್ದರು. ಅವಳು ಪಕ್ಕದಲ್ಲಿ ಚಹಾ ಇಟ್ಟಳು. ಅವರು ಪಿನ್ನನ್ನು ತಿರುಗಿಸಲೇ ಇಲ್ಲ.

"ಅಪ್ಪ, ತುದಿ ಆ ಕಡೆ ಇದೆ. ನೀವು ಬುಡ ನೋಡ್ತಿದ್ದೀರಿ."

ಅವರು ಪಿನ್ನನ್ನು ಮೆಲ್ಲಗೆ ಕೆಳಗಿಟ್ಟರು. "ಹೊಗೆ ಜಾಸ್ತಿ ಈ ಮನೇಲಿ," ಎಂದರು. ಒಲೆ ಹಚ್ಚಿರಲಿಲ್ಲ. ಆಮೇಲೆ ಭೂತಗನ್ನಡಿಯನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳಿ, "ಏನು ಕಾಣುತ್ತೆ ಹೇಳಮ್ಮ," ಎಂದರು.

ಆವತ್ತಿನಿಂದ ಒಳಕೋಣೆಯ ಮೇಜಿನ ಒಂದು ಕಡೆ ಅವಳು, ಎದುರು ಕುರ್ಚಿಯಲ್ಲಿ ಅವರು. ಅವಳು ನೋಡಿ ಟಿಪ್ಪಣಿ ಪುಸ್ತಕದಲ್ಲಿ ಚಿತ್ರ ಬರೆಯುವಳು, ಸಾಲಾಗಿ ಐದು ಪಿನ್ನು, ಒಂದೊಂದರ ಗೀರು. ಕೆಳಗೆ ಎರಡು ಬೆರಳಗಲ ಜಾಗ ಬಿಟ್ಟು ಹಾಳೆಯನ್ನು ಅವರ ಕಡೆ ತಿರುಗಿಸುವಳು. ಅವರು ತಡಕಿ ಸಹಿ ಹಾಕುವರು. ಕೋರ್ಟಿನಲ್ಲಿ ಅವರು ನಿಂತು ಹೇಳುವರು, ಅವಳು ಹಿಂದಿನ ಬೆಂಚಿನಲ್ಲಿ ಕೂರುವಳು. ಕಾವಲುಗಾರನ ಬೀಗದ ನಾಲ್ಕನೇ ಪಿನ್ನಿನ ಎರಡು ಗೀರು ಹುಡುಕಲು ಅವಳಿಗೆ ಮೂರು ದಿನ ಹಿಡಿದಿತ್ತು. ಅದನ್ನು ಕೋರ್ಟಿನಲ್ಲಿ ಹೇಳುವಾಗ ಅಪ್ಪನ ಗಂಟಲು ಎಷ್ಟು ಗಟ್ಟಿಯಾಗಿತ್ತೆಂದರೆ, ಅವಳೂ ಒಂದು ಗಳಿಗೆ ಅವರೇ ನೋಡಿದ್ದೆಂದು ನಂಬಿದ್ದಳು.

"ಅಪ್ಪ, ನನ್ನ ಹೆಸರೂ ಒಂದು ಮೂಲೇಲಿ ಹಾಕೋಣ."

"ಮುಂದಿನ ಸಲ."

ಎಂಟು ವರ್ಷ ಮುಂದಿನ ಸಲವಾಯಿತು. ಕೊನೆಗೆ ಅವಳೇ ಅರ್ಜಿ ಬರೆದು, ಅವರಿಗೆ ಓದಿ ಹೇಳಿ, ಅಂಚೆಗೆ ಹಾಕಿದಳು. ಅವರು ತಲೆಯಾಡಿಸಿದರು. ಅಣ್ಣ ಮಾತ್ರ, "ನಲವತ್ತು ದಾಟಿದ ಮೇಲೆ ನಿನಗ್ಯಾಕೆ ಸಂಘ ಗಿಂಘ," ಎಂದ.

ಆಮೇಲೆ ಎರಡು ತಿಂಗಳು ಅಪ್ಪ ಒಳಕೋಣೆಯ ಬಾಗಿಲು ಹಾಕಿಕೊಂಡು ಕೂರತೊಡಗಿದರು. ಎರಡು ದೀಪ ಬೇಕೆಂದರು, ಹೊಸ ಪುಸ್ತಕ ತರಿಸಿದರು. ಕೇಳಿದರೆ, "ಹಳೇ ಕೆಲಸ ಒಪ್ಪ ಮಾಡ್ತಿದ್ದೀನಿ," ಎಂದರು. ಒಂದು ಮಧ್ಯಾಹ್ನ ಹಿಂದಿನ ಅಂಗಳದಲ್ಲಿ ಕಾಗದ ಸುಡುತ್ತಿದ್ದರು. ಗಾಳಿಗೆ ಬೆಂಕಿ ಹತ್ತುತ್ತಿರಲಿಲ್ಲ. "ಕಸ ಬಹಳ ಆಗಿತ್ತಮ್ಮ," ಎಂದರು. ಅವಳೇ ಹೋಗಿ ಇನ್ನೊಂದು ಬೆಂಕಿಪೊಟ್ಟಣ ತಂದುಕೊಟ್ಟಿದ್ದಳು.

*

ನಾಲ್ಕೂವರೆಗೆ ಮನೆಗೆ ಬಂದರು. ಅಣ್ಣ ಬೂದಿಯ ಮಡಕೆಯನ್ನು ಮುಂದಿನ ಕೋಣೆಯಲ್ಲಿಟ್ಟ. ಕಾರ್ಯದರ್ಶಿ ಅಲ್ಲೇ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿಕೊಂಡರು. ಕಾವಲುಗಾರನೂ ಹೋಗಿರಲಿಲ್ಲ, ಕೇಳುವ ಮೊದಲೇ ಕುರ್ಚಿ ಜೋಡಿಸಿ, ನೆಲ ಒರೆಸಿ, ಹೊಸ್ತಿಲಲ್ಲಿ ಕೂತಿದ್ದ.

ಮಗಳು ಒಳಕೋಣೆಗೆ ಹೋಗಿ ಬೀರುವಿನ ಮುಂದೆ ಮಂಡಿಯೂರಿದಳು. ಬೀಗ ಅಪ್ಪನ ಕೈಯದ್ದೇ, ಐದು ಪಿನ್ನಿನದು. ಮದುವೆಯಾದ ವರ್ಷ ಮಾಡಿದ್ದಂತೆ. ಅವಳು ತಂತಿಗಳ ಪೊಟ್ಟಣ ಬಿಚ್ಚಿದಳು.

"ಅಪ್ಪ ಮಾಡಿದ ಬೀಗಕ್ಕೆ ತಂತಿ ಹಾಕ್ತೀಯೇನೇ?" ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಇನ್ನೂ ಬೂದಿ ಬಿಸಿಯಾಗಿದೆ."

"ಬೀಗದ ಕೈ ಬೂದಿಯೊಳಗಿದೆ ಅತ್ತೆ. ನೀವೇ ಮುಟ್ಟಬೇಡ ಅಂದದ್ದು."

"ಅವನು ಹೇಳಿದ್ದನ್ನ ನಾನು ಹೇಳಿದೆ."

"ಗೊತ್ತಾಯ್ತು. ಈಗ ಗೊತ್ತಾಯ್ತು."

ಮೊದಲ ಮೂರು ಪಿನ್ನು ಸುಲಭವಾಗಿ ಎದ್ದವು. ನಾಲ್ಕನೆಯದು ಹಟ ಮಾಡಿತು, ತಂತಿ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಎದ್ದಿತು, ಹಿಂದೆಯೇ ಐದನೆಯದೂ ಎದ್ದಿತು, ಬೀಗ ಅವಳ ಕೈಗೆ ಬಿತ್ತು.

ಎಂಟು ಪುಸ್ತಕ ಒಂದರ ಮೇಲೊಂದು ನೇರವಾಗಿದ್ದವು. ಎಲ್ಲಕ್ಕೂ ಹೊಸ ರಟ್ಟು. ಮೊದಲನೆಯದನ್ನು ತೆರೆದಳು. ಅವಳ ಚಿತ್ರ, ಅವಳ ಕೈಯಲ್ಲ. ಪಿನ್ನುಗಳು ಕುಡಿದವರ ಸಾಲಿನಂತೆ ವಾಲಿದ್ದವು, ಗೀರು ಪಿನ್ನಿನಿಂದ ಹೊರಗೆ ಬಿದ್ದಿದ್ದವು, ದಪ್ಪ ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದದ್ದು. ಎರಡನೆಯದನ್ನು ತೆರೆದಳು, ಐದನೆಯದನ್ನು, ಎಂಟನೆಯದನ್ನು. ಎಲ್ಲವನ್ನೂ ಅಪ್ಪ ತಿರುಗಿ ಬರೆದಿದ್ದರು. ಅವಳು ಬರೆದವು ಹಿಂದಿನ ಅಂಗಳದಲ್ಲಿ, ಅವಳೇ ತಂದುಕೊಟ್ಟ ಕಡ್ಡಿಯಲ್ಲಿ ಹೋಗಿದ್ದವು.

ಏಳನೇ ಪುಸ್ತಕದಲ್ಲಿ ಕಾವಲುಗಾರನ ಬೀಗವಿತ್ತು. ಅಪ್ಪನಿಗೆ ಅವಳ ಹಾಳೆಯ ಬುಡ ಯಾವುದು ತಲೆ ಯಾವುದು ತಿಳಿದಿರಲಿಲ್ಲ. ತಲೆಕೆಳಗು ಹಿಡಿದು ಬರೆದುಕೊಂಡಿದ್ದರು. ನಾಲ್ಕನೇ ಪಿನ್ನಿನ ಎರಡು ಗೀರು ಎರಡನೇ ಪಿನ್ನಿನ ಮೇಲಿದ್ದವು. ಕೆಳಗೆ ಸಹಿ, ಅಷ್ಟು ದೊಡ್ಡದು.

ಅವಳು ಆ ಪುಟವನ್ನು ನೋಡುತ್ತ ಕೂತಳು. ವರದಿ ನಾಲ್ಕು ಅನ್ನುತ್ತದೆ, ಟಿಪ್ಪಣಿ ಎರಡು ಅನ್ನುತ್ತದೆ. ಈ ಪುಸ್ತಕವೊಂದು ಮನೆಯ ಹೊರಗೆ ಹೋದರೆ ಮಾಲೀಕನ ವಕೀಲನಿಗೆ ಬೇರೆ ಸಾಕ್ಷಿ ಬೇಡ.

"ಸಿಕ್ತೇನಮ್ಮಾ?" ಕಾರ್ಯದರ್ಶಿಯ ದನಿ. "ಐದೂಕಾಲಾಯ್ತು."

ಅವಳು ಪುಸ್ತಕಗಳನ್ನು ಮೊದಲಿದ್ದ ಹಾಗೇ ಜೋಡಿಸಿ ಬೀರುವಿನ ಬಾಗಿಲು ಮುಂದೆ ಮಾಡಿದಳು. ಹೊರಗೆ ಬಂದಳು.

"ಇಲ್ಲ ಸರ್."

"ಇಲ್ಲ ಅಂದ್ರೆ?"

"ನನ್ನ ಕೈಯದ್ದು ಒಂದೂ ಇಲ್ಲ."

ಕಾರ್ಯದರ್ಶಿ ಅವಳ ಮುಖ ನೋಡಿದರು. ಬಹಳ ವರ್ಷದಿಂದ ಸಾಕ್ಷಿಗಳ ಮುಖ ನೋಡಿದವರು. "ಟಿಪ್ಪಣಿ ಇಲ್ಲ ಅಂದ್ರೆ ವರದಿ ಒಂದೇ ನಿಲ್ಲುತ್ತೆ," ಎಂದರು, ಎದ್ದು ಫೈಲಿನ ದಾರ ಕಟ್ಟುತ್ತ. "ಸತ್ತವರನ್ನ ಯಾರೂ ಪಾಟೀಸವಾಲು ಮಾಡೋಕಾಗಲ್ಲ. ಅದೂ ಒಂದು ಲೆಕ್ಕಕ್ಕೆ ಒಳ್ಳೇದೇ. ನೀವು ಈಗಿಂದ ನಿಮ್ಮ ಹೆಸರಲ್ಲಿ ಶುರು ಮಾಡಿ."

"ಸದಸ್ಯರಲ್ಲದವರಿಗೆ ಕೋರ್ಟಿನ ಬೀಗ ಯಾರು ಕೊಡ್ತಾರೆ ಸರ್?"

"ಮೂರು ವರ್ಷ ಆದ್ಮೇಲೆ ನೋಡೋಣ," ಎಂದು ಅವರು ಮೆಟ್ಟಿಲಿಳಿದರು.

ಹೊಸ್ತಿಲಲ್ಲಿದ್ದ ಕಾವಲುಗಾರ ಎದ್ದು ದಾರಿ ಬಿಟ್ಟ. "ವರದಿ ನಿಲ್ಲುತ್ತೆ ಅಂದ್ರಲ್ವಾ ಅಕ್ಕಾ?"

"ನಿಲ್ಲುತ್ತೆ. ಮನೆಗೆ ಹೋಗಪ್ಪ."

"ದೇವರಂಥ ಕಣ್ಣು," ಎಂದ ಅವನು, ಬೂದಿಯ ಮಡಕೆಗೆ ಕೈ ಮುಗಿದು. ಅವಳು ಹೂಂ ಎಂದಳು.

ಅಣ್ಣ ಗೋಡೆಯ ಚೌಕಟ್ಟನ್ನು ಇಳಿಸಿ ಬಟ್ಟೆಯಿಂದ ಗಾಜು ಒರೆಸುತ್ತಿದ್ದ. "ಇದನ್ನ ನಾನು ಮನೆಗೆ ತಗೊಂಡು ಹೋಗ್ತೀನಿ. ನಿನಗೇನೂ ಬೇಡ ತಾನೆ?"

"ತಗೊಂಡು ಹೋಗು."

ಒಳಕೋಣೆಯಲ್ಲಿ ಬೆಳಕು ಇನ್ನೂ ಇತ್ತು. ಅವಳು ಬೀರುವಿನ ಬೀಗವನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಐದು ಪಿನ್ನುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಭೂತಗನ್ನಡಿ ಹಿಡಿದಳು. ಅಪ್ಪನ ಕೊರಳಿನ ಬೀಗದ ಕೈ ಇಷ್ಟು ವರ್ಷ ಸವೆಸಿ ಸವೆಸಿ ಪಿನ್ನುಗಳ ತುದಿ ಕನ್ನಡಿಯಂತಾಗಿತ್ತು. ನಾಲ್ಕನೆಯದರ ಮೇಲೆ ಮಾತ್ರ ಎರಡು ಗೀರು, ಈಗ ತಾನೆ ಬಿದ್ದವು, ಬೆಳಕಿಗೆ ಹೊಳೆಯುತ್ತಿದ್ದವು.

ಒಂದು ಹಾಳೆ ತೆಗೆದುಕೊಂಡು ಬರೆದಳು. ಒಂದನೆಯದು, ನುಣುಪು. ಎರಡನೆಯದು, ನುಣುಪು. ಮೂರನೆಯದು, ನುಣುಪು. ನಾಲ್ಕನೆಯದಕ್ಕೆ ಪೆನ್ಸಿಲನ್ನು ಮತ್ತೊಮ್ಮೆ ಚೂಪು ಮಾಡಿಕೊಂಡು ಎರಡು ಗೀರನ್ನೂ ಅಳತೆ ತಪ್ಪದಂತೆ ಎಳೆದಳು. ಐದನೆಯದು, ನುಣುಪು. ದಿನಾಂಕ ಹಾಕಿದಳು.

ಕೆಳಗೆ ಎರಡು ಬೆರಳಗಲ ಜಾಗ ಬಿಟ್ಟು, ಹಾಳೆಯನ್ನು ಎದುರಿನ ಕುರ್ಚಿಯ ಕಡೆಗೆ ತಿರುಗಿಸಿದಳು.